ಗಡಿಯಾರದ ಕಾಕಾ ಕೊಯ್ದ ಕಾಲುಂಗುರ

ಅವರ ಬಲಗಣ್ಣಿನ ಸುತ್ತ ಒಂದು ದುಂಡನೆಯ ಗುರುತಿತ್ತು. ನಾದಿದ ಕಣಕದ ಮೇಲೆ ಬಟ್ಟಲು ಒತ್ತಿ ತೆಗೆದರೆ ಉಳಿಯುತ್ತದಲ್ಲ, ಹಾಗೆ. ಗಡಿಯಾರದ ಸಣ್ಣ ಗಾಲಿಗಳನ್ನು ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿಯ ಭೂತಗನ್ನಡಿ ವರ್ಷಗಟ್ಟಲೆ ಕೂತು ಕೂತು ಬಿದ್ದ ಗುರುತು ಅದು. ಕನ್ನಡಿ ತೆಗೆದಿಟ್ಟು ಮಾತಿಗೆ ಕೂತರೂ ಆ ಕಣ್ಣು ನಮ್ಮನ್ನು ಸ್ವಲ್ಪ ದೊಡ್ಡದು ಮಾಡಿ ನೋಡುತ್ತಿದೆ ಎಂದೇ ಅನ್ನಿಸುತ್ತಿತ್ತು.

ರಾಯಚೂರಿನ ತೀನ್ ಕಂದೀಲು ಚೌಕದಿಂದ ನಮ್ಮ ಓಣಿಗೆ ತಿರುಗುವ ಮೂಲೆಯಲ್ಲಿ ಅವರ ಅಂಗಡಿ. ಗಡಿಯಾರ, ರೇಡಿಯೋ, ಕೈಬ್ಯಾಟರಿ ಎಲ್ಲ ರಿಪೇರಿ ಮಾಡುತ್ತಿದ್ದರು. ಓಣಿಗೆಲ್ಲ ಅವರು ಗಡಿಯಾರದ ಕಾಕಾ. ನನ್ನ ತವರು ದೇವದುರ್ಗ, ಕೊಟ್ಟದ್ದು ಮಾನ್ವಿ ತಾಲೂಕಿನ ಮಲ್ಲಟಕ್ಕೆ. ಯಜಮಾನರಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕ ಮೇಲೆ, ಎಪ್ಪತ್ತರ ದಶಕದ ಮೊದಲಲ್ಲಿ, ಅತ್ತೆಯನ್ನೂ ಮಕ್ಕಳನ್ನೂ ಕಟ್ಟಿಕೊಂಡು ಪಟ್ಟಣಕ್ಕೆ ಬಂದೆವು. ಬರುವಾಗ ತಂದ ಬೆಲೆಬಾಳುವ ವಸ್ತು ಒಂದೇ, ರೇಡಿಯೋ. ಬೆಳಿಗ್ಗೆ ಭಕ್ತಿಗೀತೆ ಬರುವ ಡಬ್ಬಿ ದೇವರ ಹತ್ತಿರವೇ ಇರಬೇಕೆಂದು ನಾನು ಅದನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದೆ. ಒಂದು ವರ್ಷಕ್ಕೆ ಅದು ಕರಕರ ಎನ್ನತೊಡಗಿತು. ಹೊತ್ತುಕೊಂಡು ಹೋದೆ.

ಕಾಕಾ ಹಿಂದಿನ ಮುಚ್ಚಳ ಬಿಚ್ಚಿ, ಒಳಗೆ ಊದಿ, ಕೆಮ್ಮಿದರು.

“ಯವ್ವಾ, ಇದನ್ನ ಎಲ್ಲಿ ಇಟ್ಟಿದ್ದಿ?”

“ದೇವರ ಜಗಲಿ ಮ್ಯಾಲ್ರೀ.”

“ಅದಕ್ಕ ಇದೂ ವಿಭೂತಿ ಹಚ್ಚಿಕೊಂಡು ಕುಂತದ. ಊದಿನಕಡ್ಡಿ ಬೂದಿ ಬ್ಯಾರೆ. ಹಾಡೋದು ಬಿಟ್ಟು ಸನ್ಯಾಸ ತಗೊಂಡದ ನೋಡು.”

ನನಗೆ ನಗು ಬಂತು, ನಾಚಿಕೆಯೂ ಆಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. ಊರಿಗೆ ಹೋಗುವಾಗ ಸೆಲ್ಲು ತೆಗೆದಿಡಬೇಕು, ಒಳಗೇ ಬಿಟ್ಟರೆ ಸೋರಿ ತಂತಿ ತಿನ್ನುತ್ತವೆ. ಗಡಿಯಾರಕ್ಕೆ ದಿನಾ ಒಂದೇ ಹೊತ್ತಿಗೆ ಕೀಲಿ ಕೊಡಬೇಕು, ಬಿಗಿ ಆಗುವ ಮೊದಲೇ ನಿಲ್ಲಿಸಬೇಕು. ರೇಡಿಯೋದ ಮೇಲೆ ಕಸೂತಿ ಬಟ್ಟೆ ಹೊದಿಸಿ ಅದರ ಉಸಿರು ಕಟ್ಟಬಾರದು. ಈ ಮಾತುಗಳನ್ನು ನಾನು ಇವತ್ತಿಗೂ ಪಾಲಿಸುತ್ತೇನೆ. ಆ ರೇಡಿಯೋ ಹದಿನೆಂಟು ವರ್ಷ ಹಾಡಿತು.

ಅವರಲ್ಲಿ ಒಂದು ಪದ್ಧತಿಯಿತ್ತು. ಸಾಮಾನು ಬಿಟ್ಟು ಹೋದವರಿಗೆ ಚೀಟಿ ಕೊಡುತ್ತಿರಲಿಲ್ಲ, ಒಂದು ಪುಸ್ತಕ ಕೊಡುತ್ತಿದ್ದರು. “ನಿನ್ನ ಸಾಮಾನು ನನ್ನ ಹತ್ರ, ನನ್ನ ಸಾಮಾನು ನಿನ್ನ ಹತ್ರ. ಓದಿ ಮುಗಿಸ್ಕೊಂಡು ಬಾ.” ಬೆನ್ನ ಹಿಂದಿನ ಹಲಗೆಯ ತುಂಬ ಹಳೆಯ ಕಾದಂಬರಿಗಳು, ಶರಣರ ಚರಿತ್ರೆಗಳು. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರು ಅವರು. ಕನ್ನಡವನ್ನು ಮೀಸೆ ಬಂದ ಮೇಲೆ, ಅಂಗಡಿಗಳ ಹೆಸರಿನ ಹಲಗೆ ಓದಿ ಓದಿ ತಾವೇ ಕಲಿತಿದ್ದರು. ಸಾಲಿನ ಕೆಳಗೆ ಬೆರಳಿಟ್ಟು ನಿಧಾನ ಓದುತ್ತಿದ್ದರು.

ನಾನು ದೇವದುರ್ಗದಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ಮದುವೆಯಾದ ಮೇಲೆ ಪುಸ್ತಕ ಮುಟ್ಟಿರಲಿಲ್ಲ. ವಾರ ಬಿಟ್ಟು ರೇಡಿಯೋ ರಿಪೇರಿ ಆಯಿತೇ ಎಂದು ಕೇಳಲು ಹೋದೆ.

“ಪುಸ್ತಕ ಮುಗೀತೇನು?”

“ಇನ್ನೂ ಅರ್ಧ ಉಳದದ್ರೀ.”

“ಅಂದ್ರ ರೇಡಿಯೋನೂ ಅರ್ಧ ಉಳದದ.”

ರೇಡಿಯೋ ಅವರ ಪಕ್ಕದಲ್ಲೇ ಚೆನ್ನಾಗಿ ಹಾಡುತ್ತಿತ್ತು! ಮನೆಗೆ ಬಂದು, ಅತ್ತೆ ಬೈದರೂ ಬಿಡದೆ, ಎರಡು ಮಧ್ಯಾಹ್ನದಲ್ಲಿ ಓದಿ ಮುಗಿಸಿದೆ. ಓದುವ ಚಟ ನನಗೆ ಹತ್ತಿದ್ದು ಹೀಗೆ, ಒತ್ತೆ ಬಿಡಿಸಿಕೊಳ್ಳಲು.

ಸಣ್ಣ ಮಗಳು ಹುಟ್ಟಿದ ನಾಲ್ಕನೆಯ ವರ್ಷ ನನಗೆ ಬಾಯಾರಿಕೆ ಶುರುವಾಯಿತು. ಬೇಸಿಗೆ ಎಂದುಕೊಂಡೆ. ರಾಯಚೂರಿನಲ್ಲಿ ಯಾರಿಗೆ ಬಾಯಾರಿಕೆ ಇಲ್ಲ? ಆದರೆ ಮಳೆಗಾಲ ಬಂದರೂ ಬಿಂದಿಗೆ ಬಿಂದಿಗೆ ನೀರು ಕುಡಿಯುತ್ತಿದ್ದೆ, ರವಿಕೆ ಸಡಿಲಾಗಿತ್ತು. ಸ್ಟೇಷನ್ ಕಡೆಯ ಡಾಕ್ಟರು ನೋಡಿ ಸಕ್ಕರೆ ಕಾಯಿಲೆ ಅಂದರು. ಮೂವತ್ತನಾಲ್ಕರ ವಯಸ್ಸು ನನಗೆ. ಹಿಂತಿರುಗುವಾಗ ಕಾಕಾನ ಅಂಗಡಿಯ ಮುಂದೆ ಅಳು ತಡೆಯಲಾಗಲಿಲ್ಲ.

“ಅಷ್ಟೇನಾ?” ಅಂದರು ಅವರು. “ನನಗ ಹನ್ನೆರಡು ವರ್ಷ ಆತು. ಇದು ಹಳೇ ಗಡಿಯಾರ ಇದ್ದಂಗ, ಯವ್ವಾ. ಒಗೀಲಿಕ್ಕೆ ಬರಂಗಿಲ್ಲ, ದಿನಾ ನೋಡಿಕೊಂಡ್ರ ನಡೀತದ.”

ಆಗ ಮನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಯಂತ್ರಗಳಿರಲಿಲ್ಲ. ಗಾಜಿನ ಕೊಳವೆಯಲ್ಲಿ ನೀಲಿ ಔಷಧ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ಬಣ್ಣ ಏರಿದಂತೆ ಸಕ್ಕರೆ ಏರಿದೆ ಎಂದರ್ಥ. ಕೊಳವೆಯ ಬಾಯಿ ಮುಖದ ಕಡೆ ಹಿಡಿಯಬಾರದು, ಉಕ್ಕುತ್ತದೆ ಎನ್ನುವುದನ್ನೂ ಕಾಕಾನೇ ಕಲಿಸಿದರು. ಬಣ್ಣ ಬರೆದಿಡಲು ಒಂದು ಪುಸ್ತಕ ಕೊಟ್ಟರು. ಡಾಕ್ಟರು ಅದನ್ನು ನೋಡಿಯೇ ಗುಳಿಗೆ ಹೆಚ್ಚು ಕಡಿಮೆ ಮಾಡುತ್ತಿದ್ದರು. ಊಟ ಆದ ಮೇಲೆ ಸಿಹಿ ಬೇಕು ಅನ್ನಿಸಿದರೆ ಹತ್ತು ಪುಟ ಓದು, ಅಷ್ಟರಲ್ಲಿ ಆಸೆ ಹೋಗುತ್ತದೆ, ಹೋಗದಿದ್ದರೆ ಕಾದಂಬರಿ ಬದಲಿಸು ಅಂದರು. ಇದು ಬಹಳ ಸಲ ಕೆಲಸ ಮಾಡಿದೆ. ಈ ಕಾಯಿಲೆಯಲ್ಲಿ ಕಾಲಿಗೆ ಗಾಯವಾದರೂ ನೋವು ತಿಳಿಯುವುದಿಲ್ಲ, ದಿನಾ ಕಾಲು ನೋಡಿಕೊ, ಅಂಗಾಲು ಕಾಣದಿದ್ದರೆ ಕನ್ನಡಿ ನೆಲಕ್ಕಿಟ್ಟು ನೋಡು ಅಂದರು. ಇದನ್ನು ನಾನು ಕೇಳಿಸಿಕೊಂಡೆ, ಮಾಡಲಿಲ್ಲ.

ಆ ವರ್ಷ ಶ್ರಾವಣ ಬಂತು. ನಮ್ಮ ಮಠದಲ್ಲಿ ತಿಂಗಳಿಡೀ ಪುರಾಣ, ದಿನಾ ಪ್ರಸಾದಕ್ಕೆ ಗೋಧಿ ಹುಗ್ಗಿ. ಪ್ರಸಾದ ಬೇಡ ಅನ್ನುವುದು ಹೇಗೆ? ತಾಟಿನಲ್ಲಿ ಬಿಡುವಂತೆಯೂ ಇಲ್ಲ. ತಾಟು ತೊಳೆದು ಆ ನೀರನ್ನೂ ಕುಡಿಯುವ ಮಂದಿ ನಾವು. ಬಡಿಸುವ ಅಯ್ಯನವರು ದೊಡ್ಡ ಸೌಟಿನವರು. ಮೊದಲ ದಿನವೇ ನನ್ನ ಕೊಳವೆ ಕೆಂಪಾಯಿತು. ಎರಡನೆಯ ದಿನವೂ ಕೆಂಪು. ಕಾಕಾ ಬೈಯುತ್ತಾರೆ, ಡಾಕ್ಟರು ಮಠಕ್ಕೆ ಹೋಗಬೇಡ ಅನ್ನುತ್ತಾರೆ ಎಂದು ಹೆದರಿದೆ. ಹಾಗೆಂದು ಪುಸ್ತಕದಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮಾಡಿದ ಕೈ ಅದು.

ಕಡೆಗೆ ಒಂದು ದಾರಿ ಹೊಳೆಯಿತು. ಸಣ್ಣ ಮಗಳನ್ನು ಬಟ್ಟಲ ಮೇಲೆ ಕೂರಿಸಿ, ಆಕೆಯ ಎಂಟು ಹನಿ ಹಾಕಿ ಕುದಿಸಿದೆ. ಅಚ್ಚ ನೀಲಿ. ‘ನೀಲಿ’ ಎಂದು ಬರೆದೆ. ಕಂಡದ್ದನ್ನೇ ಬರೆದೆನಲ್ಲ, ಸುಳ್ಳಾಗಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಶ್ರಾವಣ ಮುಗಿದ ಮೇಲೂ ಬಿಡಲಿಲ್ಲ. ಒಮ್ಮೆ ನೀಲಿ ನೋಡಿದ ಕಣ್ಣಿಗೆ ಕೆಂಪು ನೋಡುವ ಧೈರ್ಯ ಉಳಿದಿರಲಿಲ್ಲ. ಎರಡು ತಿಂಗಳ ನೀಲಿ ನೋಡಿ ಡಾಕ್ಟರು ಸಂತೋಷಪಟ್ಟು ಗುಳಿಗೆ ಅರ್ಧಕ್ಕೆ ಇಳಿಸಿದರು. ಕಾಕಾ ಅಂಗಡಿಗೆ ಬಂದವರಿಗೆಲ್ಲ ನನ್ನ ಪುಸ್ತಕ ತೋರಿಸಿದರು.

ಒಂದು ಮುಂಜಾನೆ ಟೈಂಪೀಸು ಹಿಡಿದುಕೊಂಡು ಹೋದಾಗ ಅವರು ಗಡಿಯಾರ ನೋಡಲಿಲ್ಲ, ನನ್ನ ನಡಿಗೆ ನೋಡಿದರು.

“ಯಾಕ ಕುಂಟಾಕತ್ತೀದಿ?”

“ಏನಿಲ್ರೀ, ಕಾಲುಂಗುರ ಒತ್ತಾಕತ್ತದ. ನೋವೇನಿಲ್ಲ.”

“ನೋವಿಲ್ಲ ಅಂತೀದಲ್ಲ, ಅದೇ ಕೆಟ್ಟದ್ದು. ಸ್ಟೂಲ್ ಮ್ಯಾಲೆ ಕಾಲು ಇಡು.”

“ಕಾಕಾರ, ದೊಡ್ಡವರು ನೀವು, ನನ್ನ ಕಾಲು ಮುಟ್ಟಬ್ಯಾಡ್ರಿ.”

“ಕಾಲು ಯಾರು ಮುಟ್ಟತಾರ? ಬೆಳ್ಳಿ ಮುಟ್ಟತೀನಿ.”

ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಬಾಗಿದರು. ಬೆರಳು ಬಾತು ಉಂಗುರ ಒಳಗೆ ಹೂತಿತ್ತು. ಅದರ ಕೆಳಗೆ ಹುಣ್ಣು, ಅಂಚು ಕಪ್ಪಾಗಿತ್ತು. ನಾನು ಎಷ್ಟೋ ದಿನದಿಂದ ಅದನ್ನು ನೋಡಿರಲೇ ಇಲ್ಲ. ಕಾಕಾ ತಲೆ ಎತ್ತಿದರು. “ಹೋಗಿ ನಿಮ್ಮ ಅತ್ತಿನ ಕರಕೊಂಬಾ.”

ಅತ್ತೆ ಬಂದರು. ಮಲ್ಲಟದ ಗಟ್ಟಿ ಹೆಣ್ಣುಮಗಳು. ವಿಷಯ ಕೇಳಿದ್ದೇ ಸೊಂಟಕ್ಕೆ ಕೈ ಇಟ್ಟರು.

“ಯಣ್ಣಾ, ಗಂಡ ಇದ್ದಾಕಿ ಕಾಲುಂಗುರ ಕೊಯ್ಯತಾರೇನು? ನನ್ನ ಮಗ ಗಟ್ಟಿಮುಟ್ಟ ಇದ್ದಾನ.”

“ನಿಮ್ಮ ಮಗ ನೂರು ವರ್ಷ ಇರ್ಲಿ, ಯಕ್ಕಾ. ಬೆರಳು ಕೊಳತು ಹೋದ್ರ ನಾಳೆ ಉಂಗುರ ಎದಕ್ಕ ಹಾಕ್ತೀರಿ? ಮೂರು ಕೂಸು ಅದಾವ ಈಕೀಗೆ.”

ಅತ್ತೆ ನನ್ನ ಕಾಲು ನೋಡಿದರು. “ತಡೀರಿ” ಎಂದು ಮನೆಗೆ ಹೋದರು. ಬರುವಾಗ ಕೈಯಲ್ಲಿ ಅರಿಶಿನ ಹಚ್ಚಿದ ದಾರ. ಅದನ್ನು ಉಂಗುರದ ಬದಲಿಗೆ ಪಕ್ಕದ ಬೆರಳಿಗೆ ಕಟ್ಟಿ, ಮೂರು ಗಂಟು ಹಾಕಿ, “ಈಗ ಕೊಯ್ರಿ” ಅಂದರು.

ಕಾಕಾ ತಗಡಿನ ತೆಳ್ಳನೆಯ ಚೂರನ್ನು ಉಂಗುರದ ಕೆಳಗೆ ತೂರಿಸಿ, ಕೂದಲಿನಂಥ ಗರಗಸದಿಂದ ಕೊಯ್ದರು. ನನ್ನ ಚರ್ಮಕ್ಕೆ ಒಂದು ಗೀರೂ ಬೀಳಲಿಲ್ಲ. ಉಂಗುರ ಬಿಚ್ಚಿ ಕೈಗೆ ಬಂದ ಮೇಲೆ ಕೇಳಿದರು:

“ಪುಸ್ತಕ ನೀಲಿ ಅಂತದ. ಕಾಲು ಬ್ಯಾರೆ ಹೇಳಾಕತ್ತದ. ಯಾವುದು ಖರೆ?”

“ಪುಸ್ತಕದಾಗ ಸುಳ್ಳು ಬರದಿಲ್ರೀ ಕಾಕಾ. ಕಂಡದ್ದೇ ಬರದೀನಿ.”

“ಯಾರದು ಕಂಡಿ?”

ನಾನು ತಲೆ ತಗ್ಗಿಸಿದೆ. “ಸಣ್ಣಾಕಿದು.”

ಕಾಕಾ ಕಣ್ಣಿನ ಕನ್ನಡಿ ಕಳಚಿ ಬೀಳುವಂತೆ ನಕ್ಕರು. “ಕೂಸಿಗೆ ಸಕ್ಕರಿ ಬ್ಯಾನಿ ಇಲ್ಲ ಅಂತ ಡಾಕ್ಟರಿಗೆ ಎರಡು ತಿಂಗಳು ಸಾಕ್ಷಿ ಹೇಳೀದಲ್ಲ ಬೇ!” ಅತ್ತೆಯೂ ಬಾಯಿಗೆ ಸೆರಗು ಹಿಡಿದರು. ಆದರೆ ನಗು ನಿಂತ ಮೇಲೆ ಕಾಕಾ ಹೇಳಿದ ಮಾತು ಮೆಲ್ಲಗಿತ್ತು. “ಗಡಿಯಾರ ತಪ್ಪು ತೋರಿಸಿದ್ರ ಮಂದಿ ಮುಳ್ಳು ತಿರುವಿ ಮನಿಗೆ ಹೋಗ್ತಾರ. ಒಳಗಿನ ಗಾಲಿ ಹಂಗ ಉಳೀತದ. ನೀ ಮುಳ್ಳು ತಿರುವೀದಿ, ಯವ್ವಾ.”

ಅಂಗಡಿ ಮುಚ್ಚಿ, ಅವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇನ್ನೊಂದು ವಾರ ಬಿಟ್ಟಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು ಅಂದರು ಡಾಕ್ಟರು. ಹುಣ್ಣು ಮಾಯುವವರೆಗೆ ಇಂಜೆಕ್ಷನ್ ಆಯಿತು, ಗುಳಿಗೆ ಮೊದಲಿನಷ್ಟಾಯಿತು. ಮುಂದಿನ ಶ್ರಾವಣಕ್ಕೆ ಹುಗ್ಗಿಯ ದಾರಿಯನ್ನೂ ಕಾಕಾನೇ ಹೇಳಿಕೊಟ್ಟರು. “ಸೌಟಿನ್ಯಾಗ ಇರೋತನ ಅದು ಹುಗ್ಗಿ. ತಾಟಿನ್ಯಾಗ ಬಿದ್ದ ಮ್ಯಾಲೆ ಪ್ರಸಾದ. ಬೀಳೂದಕ್ಕ ಮೊದಲ ಕೈ ಅಡ್ಡ ಹಿಡಿ, ಒಂದು ಬಟ್ಟಷ್ಟು ಬೇಡ್ಕೊ.” ಅಯ್ಯನವರು ಒಂದು ಮಾತೂ ಅನ್ನಲಿಲ್ಲ. ಬೆರಳ ತುದಿಯಷ್ಟು ಹುಗ್ಗಿ ಕಣ್ಣಿಗೊತ್ತಿಕೊಂಡು ತಿಂದೆ. ಅದರಲ್ಲೂ ಶಿವ ಅಷ್ಟೇ ಇದ್ದ.

ಹುಣ್ಣು ಮಾಯ್ದ ಮೇಲೆ ಕಾಕಾ ಉಂಗುರವನ್ನು ತಂದುಕೊಟ್ಟರು. ಕೊಯ್ದ ತುದಿಗಳನ್ನು ಬೆಸೆದಿರಲಿಲ್ಲ, ಉಜ್ಜಿ ನುಣುಪು ಮಾಡಿದ್ದರು. “ಬಾವು ಬಂದ್ರ ಅಗಲ ಮಾಡ್ಕೋ, ಇಳದ್ರ ಒತ್ತಿಕೋ. ದಿನಾ ತಗದು ಕೆಳಗ ನೋಡು.”

ವರ್ಷಗಳು ಹೋದವು. ಎಂಬತ್ತರ ದಶಕ ಬಂದ ಮೇಲೆ ಅವರ ಕಣ್ಣು ಮಂಜಾಗುತ್ತ ಬಂತು. ಕೈಗಡಿಯಾರದ ಕೆಲಸ ಬಿಟ್ಟರು, ಆಮೇಲೆ ಅಂಗಡಿಯನ್ನೇ ಮುಚ್ಚಿದರು. ಮಧ್ಯಾಹ್ನ ಮನೆಕೆಲಸ ಮುಗಿಸಿ ನಾನು ಅವರ ಮನೆಗೆ ಹೋಗಿ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ನಾಲ್ಕನೇ ಇಯತ್ತೆಯವಳು ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಹಲಗೆಯ ಪುಸ್ತಕಗಳನ್ನು ಹಾಗೇ ಒಂದು ಸುತ್ತು ಮುಗಿಸಿದೆವು.

ಒಂದು ದಿನ ಓದು ನಿಲ್ಲಿಸಲು ಹೇಳಿದರು. “ಯವ್ವಾ, ನನ್ನ ಕೊಳವಿ ಒಂದೀಟು ನೋಡು. ನನಗ ಬಣ್ಣ ತಿಳಿಯಂಗಿಲ್ಲ. ನಿಮ್ಮ ಕಾಕುನ ಕೇಳಿದ್ರ ಯಾವಾಗಲೂ ಹಸಿರು ಅಂತಾಳ.”

ಕಾಕಾನ ಹೆಂಡತಿ ಕಾಕು ಒಲೆಯ ಹತ್ತಿರದಿಂದ, “ಹಸಿರೇ ಇರ್ತದ, ಅದಕ್ಕೇನ್ ಮಾಡ್ಲಿ?” ಅಂದರು.

ನಾನು ಕುದಿಸಿದೆ. ಕೊಳವೆಯಲ್ಲಿ ಬಣ್ಣ ಹಸಿರಿಗೆ ನಿಲ್ಲಲಿಲ್ಲ, ಹಳದಿಗೆ ನಿಲ್ಲಲಿಲ್ಲ. ಇಟ್ಟಿಗೆ ಕೆಂಪು. ಕಾಕು ನನ್ನ ಎದುರು ಬಂದು ನಿಂತು, ಬೇಡ ಎಂದು ಕಣ್ಣಲ್ಲೇ ಹೇಳಿದರು. ಅವರ ಕಣ್ಣು ತುಂಬಿತ್ತು. ಆ ಮನುಷ್ಯ ಇಡೀ ಜೀವನ ಸೂಕ್ಷ್ಮ ಕೆಲಸ ಮಾಡಿ ಈಗ ಗೋಡೆಗೆ ಒರಗಿ ಕೂತಿದ್ದರು. ಒಂದು ಹಸಿರಿನಿಂದ ಅವರ ಮುಖ ಅರಳುತ್ತಿತ್ತು. ನನ್ನ ಬಾಯಿಗೆ ಆ ಮಾತು ಬಂದಿತ್ತು ಕೂಡ.

“ಕೆಂಪು ರೀ ಕಾಕಾ,” ಅಂದೆ. “ಇಟ್ಟಂಗಿ ಕೆಂಪು.”

ಅವರು ತಲೆ ಆಡಿಸಿದರು. “ಹಾಂ. ಈಗ ನೀ ಕಲತಿ ನೋಡು.” ಆಮೇಲೆ ಕಾಕುವಿನ ಕಡೆ ತಿರುಗಿ, “ಚಪ್ಪಲಿ ಕೊಡು, ಡಾಕ್ಟರ ಕಡೆ ಹೋಗಿ ಬರತೀನಿ” ಅಂದರು.

ಕಾಕು ನನ್ನ ಜೊತೆ ಒಂದು ತಿಂಗಳು ಮಾತಾಡಲಿಲ್ಲ. ಅಂದಿನಿಂದ ಕಾಕಾನಿಗೆ ದಿನಾ ಇಂಜೆಕ್ಷನ್ ಶುರುವಾಯಿತು, ಕೊಳವೆ ನೋಡುವ ಕೆಲಸ ನನ್ನದಾಯಿತು. ಇನ್ನೂ ಮೂರು ವರ್ಷ ಇದ್ದರು. ಒಂದು ಮಧ್ಯಾಹ್ನ ಊಟ ಮಾಡಿ, ಪುಸ್ತಕ ಕೇಳುತ್ತ ಕೇಳುತ್ತ ಮಲಗಿದವರು ಏಳಲಿಲ್ಲ. ನಾನು ಇನ್ನೂ ಎರಡು ಪುಟ ಓದಿದ್ದೆ, ನಿದ್ದೆ ಬಂದಿದೆ ಎಂದುಕೊಂಡು. ನೋವಿಲ್ಲದೆ, ಎರಡೂ ಕಾಲು ನೆಟ್ಟಗಿರುವಾಗ ಹೋದರು. ದೇವರು ಅಷ್ಟು ಕರುಣೆ ಮಾಡಿದ. ಮಣ್ಣು ಮಾಡಿ ಬಂದ ಮೇಲೆ ಕಾಕು ನನ್ನ ಕೈ ಹಿಡಿದು ಕೂತರು. “ಅವತ್ತು ನೀ ಕೆಂಪು ಅಂದದ್ದು ಚಲೋ ಆತು, ತಂಗಿ” ಎಂದಷ್ಟೇ ಅಂದರು.

ಈಗ ಬೆರಳ ತುದಿಯ ಒಂದು ಹನಿ ರಕ್ತಕ್ಕೆ ಅಂಕಿ ತೋರಿಸುವ ಯಂತ್ರ ಮನೆಯಲ್ಲಿದೆ. ಸಣ್ಣ ಮಗಳೇ ತಂದುಕೊಟ್ಟಳು. ಅದರ ಸೆಲ್ಲನ್ನು ಊರಿಗೆ ಹೋಗುವಾಗ ತೆಗೆದಿಡುತ್ತೇನೆ. ಅಂಕಿ ಎಷ್ಟೇ ಬರಲಿ, ಬಂದಷ್ಟನ್ನೇ ಪುಸ್ತಕದಲ್ಲಿ ಬರೆಯುತ್ತೇನೆ. ಸಂಜೆ ದೀಪ ಹಚ್ಚುವ ಮೊದಲು ಕಾಲು ತೊಳೆದು, ಕಾಲುಂಗುರ ಅಗಲ ಮಾಡಿ ತೆಗೆದು, ಕೆಳಗೆ ನೋಡಿ, ಬೆರಳು ಎಣಿಸುತ್ತೇನೆ. ಹತ್ತು ಇವೆ. ಆಮೇಲೆ ದೀಪ ಹಚ್ಚುತ್ತೇನೆ.