ಬಾಣೆಯಲ್ಲಿ ತಟ್ಟೆ ಹೊಡೆದ ಶನಿವಾರ

ನಮ್ಮ ಮನೆಯ ಹಿಂದೆ ಕಾಫಿ ಹಾಕದೆ ಬಿಟ್ಟ ಹುಲ್ಲುಬಾಣೆ ಇದೆ, ದನ ಮೇಯುವ ಜಾಗ. ಅಲ್ಲಿ ಮಣ್ಣಿನ ತಟ್ಟೆ ಹಾರಿಸಿ ಹೊಡೆಯುವ ಆಟ ಇಟ್ಟುಕೊಳ್ಳಲಾ ಎಂದು ಮಗ ಕೇಳಿದಾಗ ನಾನು ಬೇಡ ಎನ್ನಲಿಲ್ಲ. ಜಾಗ ನನ್ನ ಹೆಸರಿನಲ್ಲಿದೆ, ಹಾಗಾಗಿ ಷರತ್ತು ಮಾತ್ರ ಹಾಕಿದೆ. ಕೋವಿಯ ಮುಖ ಗುಡ್ಡದ ಕಡೆಗೇ ಇರಬೇಕು, ಒಡೆದ ಚೂರುಗಳನ್ನು ಹೆಕ್ಕಿಕೊಂಡು ಹೋಗಬೇಕು, ಕುಡಿದವರು ಕೋವಿ ಮುಟ್ಟಬಾರದು. ಕೊನೆಯದನ್ನು ಕೇಳಿ ಅವನ ಗೆಳೆಯರಲ್ಲಿ ಕೆಲವರ ಮುಖ ಸಣ್ಣದಾಯಿತು.

ಈ ಆಟಕ್ಕೆ ಇಂಗ್ಲಿಷಿನಲ್ಲಿ ಪಾರಿವಾಳದ ಹೆಸರಂತೆ. ತಟ್ಟೆ ನೋಡಿದರೆ ಕಾಫಿ ಕಪ್ಪಿನ ಕೆಳಗಿಡುವ ಸಾಸರ್. ಹೊಡೆಯುವವನು ‘ಪುಲ್’ ಎಂದು ಕೂಗುತ್ತಾನೆ, ಯಂತ್ರ ತಟ್ಟೆಯನ್ನು ಮೇಲಕ್ಕೆಸೆಯುತ್ತದೆ, ಇವನು ಗುಂಡು ಹಾರಿಸುತ್ತಾನೆ, ತಟ್ಟೆ ಹೆಚ್ಚಾಗಿ ಇದ್ದ ಹಾಗೆಯೇ ಹೋಗಿ ಹುಲ್ಲಿನಲ್ಲಿ ಕೂರುತ್ತದೆ. ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಒಂದೇ ಏಟಿಗೆ ಒಡೆಯುವ ಗಂಡಸರೂ ಇಲ್ಲಿ ಪೆಚ್ಚಾಗುತ್ತಾರೆ. ಕಾಯಿ ಓಡುವುದಿಲ್ಲವಲ್ಲ.

ಗದ್ದೆಯ ಆಚೆ ನನ್ನ ಗಂಡನ ತಮ್ಮನ ಮನೆ. ಒಂದೇ ಕುಲ, ಒಂದು ಮನೆಯಲ್ಲಿ ಸಾವಾದರೆ ಎಲ್ಲರಿಗೂ ಸೂತಕ. ಆ ಶನಿವಾರ ಸಂಜೆ ಅವನ ಮಗಳ ನಿಶ್ಚಿತಾರ್ಥವಿತ್ತು. ಮೊದಲು ಬಂದ ಸಂಬಂಧಗಳು ಹೇಗೋ ತಪ್ಪಿಹೋಗಿದ್ದವು. ಈ ಹುಡುಗ ಪಾಲಿಬೆಟ್ಟದವನು, ಅವಳಿಗೂ ಮನಸ್ಸಾಗಿತ್ತು. ಆದರೆ ಅವನ ಮನೆಯಲ್ಲಿ ಮಾತು ನಡೆಯುವುದು ಅಜ್ಜಿಯದು. ಆಕೆ ಶಕುನ ನೋಡದೆ ಚಪ್ಪಲಿ ಮೆಟ್ಟುವವರಲ್ಲ.

ಬೆಳಗ್ಗೆ ಶಬ್ದ ಇರುತ್ತದೆ, ಊಟದ ಹೊತ್ತಿಗೆ ಮುಗಿಯುತ್ತದೆ ಎಂದು ಮಗ ಮೊದಲೇ ಆಚೆ ಮನೆಗೆ ಹೇಳಿ ಬಂದಿದ್ದ. ನಾನೂ ಬೆಳಗ್ಗೆಯೇ ಹೋಗಿ ಅಕ್ಕಿಯ ಕಡಂಬುಟ್ಟು ಉಂಡೆ ಕಟ್ಟಲು ಕೈ ಹಾಕುವುದೆಂದಿತ್ತು. ಕೆಮ್ಮು, ಮೈ ಬಿಸಿ ಎಂದು ಹೇಳಿಕಳಿಸಿದೆ. ಹೋಗಲಿಲ್ಲ.

ಊಟದ ತನಕ ಒಂದೊಂದೇ ಗುಂಡು. ಊಟವಾಗಿ ಕೋವಿಗಳು ಚೀಲ ಸೇರಿದ ಮೇಲೆ, ಮೈಸೂರಿನಿಂದ ಬಂದ ಒಬ್ಬ ಅತಿಥಿಗೆ ಒಂದೇ ಸಲ ಎರಡು ತಟ್ಟೆ ಹಾರಿಸಿ ಹೊಡೆಯುವ ಆಸೆ ಹುಟ್ಟಿತು. ಮಗ ಸರಿ ಎಂದ. ಢಂ, ಢಂ. ಆಮೇಲೆ ಏನೂ ಇಲ್ಲ.

ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು. ಬೆನ್ನುಬೆನ್ನಿಗೆ ಎರಡು ಹಾರಿದರೆ ಆ ಮನೆಯಲ್ಲಿ ಸಾವು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗನಿಗೆ ಆಟದ ಗುಂಗಿನಲ್ಲಿ ಅದು ಮರೆತೇ ಹೋಗಿತ್ತು.

“ಎಂಥ ಮಾಡಿದೆ ನೀನು?” ಎಂದು ಹಿತ್ತಲಿನಿಂದಲೇ ಕೇಳಿದೆ.

“ಎರಡೂ ಬಿತ್ತು ಅವ್ವ. ಚೆನ್ನಾಗಿ ಹೊಡೆದ್ರು.”

“ತಟ್ಟೆ ಜೊತೆ ನನ್ನನ್ನೂ ಬೀಳಿಸಿದ್ರಿ. ಆಚೆ ಮನೆಗೆ ಫೋನ್ ಮಾಡು.”

ಆಗ ನೆನಪಾಗಿ ಅವನು ಫೋನ್ ಒತ್ತತೊಡಗಿದ. ಆಚೆ ಮನೆಯ ಫೋನೆಲ್ಲ ಬ್ಯುಸಿ. ನಾನು ಸತ್ತ ಸುದ್ದಿ ಹಂಚುತ್ತಿದ್ದರು.

ಸ್ವಲ್ಪ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ಸಾಲಾಗಿ ಬಂದರು. ಮುಂದೆ ಮೈದುನ, ಹೆಗಲಿಗೆ ಬಿಳಿ ಬಟ್ಟೆ. ಹಿಂದೆ ಅವನ ಹೆಂಡತಿ, ಜೋರಾಗಿ ಅಳುತ್ತ. ನಾನು ಹೋಗಿ ಗೇಟಿನಲ್ಲಿ ನಿಂತೆ. ಅವಳ ಅಳು ಅರ್ಧಕ್ಕೆ ನಿಂತಿತು.

“ಹಾಗಾದ್ರೆ ಹೋದದ್ದು ಯಾರು ಅತ್ತಿಗೆ?” ಎಂದ ಮೈದುನ.

“ಎರಡು ತಟ್ಟೆ. ಕೆಮ್ಮಿಗೆ ಯಾರಾದ್ರೂ ಸಾಯ್ತಾರಾ?”

“ಬೆಳಗ್ಗೆ ನೀವು ಬರ್ಲಿಲ್ಲ. ಈಗ ನೋಡಿದ್ರೆ ಜೋಡಿ ಗುಂಡು. ನಾವು ಎಂಥ ತಿಳ್ಕೊಳ್ಬೇಕು?”

ಅವನು ಹೇಳಿದ್ದೂ ಸರಿಯೇ. ಒಲೆ ಆರಿಸಿ ಬಂದಿದ್ದರು. ಹುಡುಗನ ಕಡೆಯವರಿಗೂ ತಿಳಿಸಿಯಾಗಿತ್ತು, ಅವರ ವ್ಯಾನು ವಿರಾಜಪೇಟೆಯಲ್ಲಿ ನಿಂತಿತ್ತು. ತಪ್ಪಾಯಿತು, ಬನ್ನಿ ಎಂದು ಮೈದುನ ಮತ್ತೆ ಫೋನ್ ಮಾಡಿದ. ಹೊರಟ ದಾರಿಯಲ್ಲಿ ಸಾವಿನ ಸುದ್ದಿ ಕೇಳಿಯಾಯಿತು, ಇನ್ನೊಮ್ಮೆ ನೋಡೋಣ ಎಂದರಂತೆ ಆ ಅಜ್ಜಿ.

ಹುಡುಗಿ ಅವರೆಲ್ಲರ ಹಿಂದೆ ಹೊಸ ಸೀರೆಯಲ್ಲೇ ನಿಂತಿದ್ದಳು. “ಹೋದ ಸಲದವ್ರೂ ಇನ್ನೊಮ್ಮೆ ನೋಡೋಣ ಅಂದಿದ್ರು ದೊಡ್ಡವ್ವ,” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಮೈದುನನ ಫೋನ್ ಕಿತ್ತುಕೊಂಡು ಅಜ್ಜಿಗೆ ಮತ್ತೆ ಹಚ್ಚಿದೆ. “ಸತ್ತವಳು ಮಾತಾಡ್ತಾ ಇದ್ದೇನೆ.”

“ಫೋನಲ್ಲಿ ಯಾರು ಬೇಕಾದ್ರೂ ಹಾಗೆ ಹೇಳ್ಬಹುದು,” ಎಂದರು ಅಜ್ಜಿ.

“ಹಾಗಾದ್ರೆ ಅಲ್ಲೇ ಇರಿ. ಬಂದು ತೋರಿಸ್ತೇನೆ.”

ಮೈಸೂರಿನವನ ಜೀಪು ಬಾಗಿಲಲ್ಲೇ ಇತ್ತು. ನೀನೇ ಓಡಿಸು ಎಂದೆ. ದಾರಿಯುದ್ದಕ್ಕೂ ‘ಸಾರಿ ಆಂಟಿ’ ಎನ್ನುತ್ತಿದ್ದ. ರಸ್ತೆ ನೋಡು ಎಂದೆ.

ವ್ಯಾನು ಪೆಟ್ರೋಲ್ ಬಂಕಿನ ಪಕ್ಕದಲ್ಲಿತ್ತು. ಅಜ್ಜಿ ಮುಂದಿನ ಸೀಟಿನಿಂದ ಇಳಿಯದೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕೈ ಹಿಡಿದು ನೋಡಿದರು.

“ಜ್ವರ ಇದೆಯಲ್ಲ ನಿಮ್ಗೆ.”

“ಇದೆ. ಹೆಣಕ್ಕೆ ಜ್ವರ ಬರೋದಿಲ್ಲ.”

“ಆದ್ರೂ ಶಕುನ ಒಳ್ಳೇದಲ್ಲ.”

“ಸತ್ತವಳೇ ಎದ್ದು ಬಂದು ಕರೀತಾ ಇದ್ದಾಳೆ. ಇದಕ್ಕಿಂತ ಒಳ್ಳೆ ಶಕುನ ನಿಮ್ಗೆ ಯಾರು ಕೊಡ್ತಾರೆ?”

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಮದುವೆಯ ಹುಡುಗನೇ. ಅಜ್ಜಿ ತಿರುಗಿ ಅವನನ್ನು ಒಂದು ಗಳಿಗೆ ನೋಡಿದರು, ಮತ್ತೆ ಸೀಟಿನಲ್ಲಿ ಸರಿದು ಜಾಗ ಮಾಡಿದರು.

“ಹತ್ತಿ. ಕೆಮ್ಮೋದಾದ್ರೆ ಆ ಕಡೆ ತಿರುಗಿ ಕೆಮ್ಮಿ.”

ಒಲೆ ಮತ್ತೆ ಹಚ್ಚಿ ಅಡುಗೆ ಮುಗಿಯುವಾಗ ಎಲ್ಲರಿಗೂ ಹಸಿವು ಕೆಟ್ಟಿತ್ತು. ಎರಡು ಮನೆಯವರೂ ದೀಪದ ಮುಂದೆ ನಿಂತು ಮಾತು ಕೊಟ್ಟರು. ಹುಡುಗಿ ನನ್ನ ಕಾಲು ಮುಟ್ಟುವಾಗಲೂ ಹುಡುಗನ ಕಡೆಗೇ ನೋಡುತ್ತಿದ್ದಳು. ಹಾಗೆಯೇ ಇರಬೇಕು.