ಅಂಟಜ್ಜಿ ಕರೆದ ಮೇಲೆಯೇ ದೋಣಿ

ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ದಂಡೆಯಲ್ಲಿ ಅಡ್ಡಮರಗಳ ಮೇಲಿಟ್ಟ ಹಳೆಯ ದೋಣಿಯ ಪಕ್ಕೆಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ತಟ್ಟುತ್ತಾ ಅಜ್ಜಿಯೊಬ್ಬರು ಸರಿಯುತ್ತಿದ್ದಾರೆ. ಹಲಗೆಗಳ ಸಂದಿಗೆ ನಾರು ತುರುಕಿ, ಬಿಸಿ ರಾಳ ಮೆತ್ತಿ ಸೋರಿಕೆ ನಿಲ್ಲಿಸುವುದು ಅವರ ಕಸುಬು. ದಂಡೆಯವರ ಬಾಯಲ್ಲಿ ಅವರು ಅಂಟಜ್ಜಿ.

ತಟ್ಟಿದರೆ ಸದ್ದು ಬರುವುದು ಸಹಜ. ಈ ದೋಣಿಯಲ್ಲಿ ಮಾತ್ರ, ಕೈ ನಿಂತ ಮೇಲೂ ಒಂದು ಸದ್ದು ಹೆಚ್ಚಿಗೆ ಬರುತ್ತದೆ.

"ಮರ ಪಿಸುಗುಟ್ಟಿದ್ರೆ ಕೇಳುತ್ತೆ, ನಾನು ಊಟಕ್ಕೆ ಕೂಗಿದ್ರೆ ಕೇಳಲ್ಲ ಅತ್ತೆಗೆ" ಎಂದು ಸೊಸೆ ರಾಳದ ಒಲೆಗೆ ಊದುತ್ತಾಳೆ.

ಅಜ್ಜಿಗೆ ಕೆಲಸ ಕಲಿಸಿದ್ದು ಅವರ ಮಾವ. "ನಮ್ಮ ಯಜಮಾನ್ರಿಗೆ ನೀರು ಅಂದ್ರೆ ಸ್ನಾನಕ್ಕೂ ಭಯ. ಉಳಿ ನನ್ನ ಕೈಗೆ ಬಂತು" ಎನ್ನುವ ಅವರ ಹೆಬ್ಬೆರಳು ಬಿಸಿ ರಾಳಕ್ಕೆ ಸುಟ್ಟು ಮಡಚುವುದನ್ನೇ ಮರೆತಿದೆ.

"ದೋಣಿ ಅಂದ್ರೆ ಮೊದಲು ತೊಟ್ಟಿ" ಎನ್ನುತ್ತಾರೆ ಅಜ್ಜಿ. ನಿಘಂಟೂ ಹಾಗೇ ಹೇಳುತ್ತದೆ: ನೀರು ತುಂಬಿಡುವ ಮರದ ತೊಟ್ಟಿಯೂ ದೋಣಿಯೇ. "ಯಾವುದೋ ಕಾಲದಲ್ಲಿ ನೆರೆ ಬಂತಂತೆ. ದನ ನೀರು ಕುಡಿಯೋ ತೊಟ್ಟೀಲಿ ಮಲಗಿದ್ದ ಕೂಸು ಆ ಕಡೆ ದಂಡೆ ಸೇರ್ತಂತೆ. ಒಳಗಿದ್ದ ನೀರು ಹೊರಗೆ, ಹೊರಗಿದ್ದ ಜೀವ ಒಳಗೆ. ಅವತ್ತಿಂದ ಅದು ತೇಲೋ ದೋಣಿ. ಮಾವ ಹೇಳ್ತಿದ್ರು."

ಅದಕ್ಕೇ ಅವರು ರಾಳ ಮೆತ್ತಿದ ಪ್ರತಿ ದೋಣಿಗೂ ಮೊದಲು ನೀರು ತುಂಬಿಸುತ್ತಾರೆ. ಹೊರಗೆಲ್ಲೂ ಒಸರದಿದ್ದರೆ ಚೆಲ್ಲಿ, ಒಳಗೆ ಬಗ್ಗಿ "ದೋಣಿ" ಎಂದು ಒಮ್ಮೆ ಕರೆಯುತ್ತಾರೆ. ಅಲ್ಲಿಯವರೆಗೆ ಅದು ಬರೀ ಮರ, ಯಾರೂ ಹತ್ತುವಂತಿಲ್ಲ.

ಇಂದಿನದು ಮಳೆಗಾಲದಲ್ಲಿ ಅಂಬಿಗನನ್ನು ಕಳೆದುಕೊಂಡು, ಹರಿವಿಗೆ ಎದುರಾಗಿ ತಾನೇ ದಂಡೆಗೆ ಬಂದ ದೋಣಿ. ಒಡೆದು ಒಲೆಗಿಡಿ ಎಂದವರೇ ಹೆಚ್ಚು. ಆದರೆ ಅಂಬಿಗನ ಹೆಂಡತಿಗೆ ಬೇರೆ ದಾರಿಯಿಲ್ಲ. ಜನರನ್ನು ದಾಟಿಸಿದರಷ್ಟೇ ಆಕೆಯ ಮನೆಯಲ್ಲಿ ಒಲೆ ಹೊತ್ತುತ್ತದೆ.

ನೀರು ತುಂಬಿದ್ದಾಯಿತು. ಹೊರಗೆ ಹನಿ ಇಲ್ಲ. ಗಾಳಿಯೂ ಇಲ್ಲ. ಆದರೂ ದೋಣಿ ಹಿಂದಿನ ಬಲಮೂಲೆಗೆ ವಾಲುತ್ತದೆ, ಅಲ್ಲಿ ಯಾರೋ ಕೂತಂತೆ.

"ಮರ ಸರಿಯಿದೆ ಕಣಮ್ಮ" ಎಂದು ಅಜ್ಜಿ ಪಕ್ಕದಲ್ಲಿ ನಿಂತ ಅಂಬಿಗನ ಹೆಂಡತಿಗೆ ಹೇಳುತ್ತಾರೆ. " ಆದ್ರೆ ಕರೆಯೋ ಹಾಗಿಲ್ಲ. ಒಳಗೆ ಜಾಗ ತೆರವಾಗಿಲ್ಲ."

"ಅವ್ರು ಅಲ್ಲೇ ಕೂತು ಹುಟ್ಟು ಹಾಕ್ತಿದ್ದಿದ್ದು, ಅಜ್ಜಿ."

"ಹಾಗಾದ್ರೆ ನೀನೇ ಹೇಳು."

"ನನ್ನ ಮಾತು ಯಾವತ್ತು ಕೇಳಿದಾರೆ" ಎಂದು ಗೊಣಗಿ, ಆಕೆ ನೀರಿನ ಮೇಲೆ ಬಗ್ಗುತ್ತಾಳೆ. ಆ ಬಲಮೂಲೆಯ ಹಲಗೆಯನ್ನು ಅಂಗೈಯಿಂದ ಸವರುತ್ತಾಳೆ. ಆಮೇಲೆ ಮೆಲ್ಲಗೆ, "ಇಳೀರಿ ಇನ್ನು. ಮಕ್ಕಳು ಶಾಲೆಗೆ ದಾಟ್ಬೇಕು. ನಾನು ನೋಡ್ಕೋತೀನಿ."

ಅಡ್ಡಮರ ಕಿರ್ರೆನ್ನುತ್ತದೆ. ದೋಣಿ ನೇರವಾಗುತ್ತದೆ. ಒದ್ದೆ ಮರಳಿನಲ್ಲಿ ಒಂದೊಂದೇ ಹೆಜ್ಜೆಗುಳಿ ಹೊಳೆಯತ್ತ ಮೂಡುತ್ತಾ ಹೋಗುತ್ತದೆ. ಅಜ್ಜಿ ಆ ಕಡೆಗೆ ಕೈ ಮುಗಿದು, ನೀರು ಚೆಲ್ಲಿಸಿ, ಒಳಗೆ ಬಗ್ಗಿ ಕರೆಯುತ್ತಾರೆ.

ದೋಣಿಯನ್ನು ನೀರಿಗಿಳಿಸಿ, ಮಕ್ಕಳನ್ನು ಕೂರಿಸಿಕೊಂಡು ಆಕೆ ಮಂಜಿನೊಳಗೆ ಹೋಗುತ್ತಾಳೆ. ಕಾಣುವುದೇನೂ ಇಲ್ಲ, ಹುಟ್ಟಿನ ಸದ್ದೂ ಸಣ್ಣದಾಗುತ್ತದೆ. ಅಜ್ಜಿಯ ತುಟಿ ದೇವರ ಹೆಸರಿನಲ್ಲಿ ಆಡುತ್ತಲೇ ಇರುತ್ತದೆ, ಆಚೆ ದಂಡೆಯಿಂದ "ಮುಟ್ಟಿದ್ವಿ ಅಜ್ಜೀ" ಎಂಬ ಕೂಗು ಬರುವ ತನಕ.

"ಒಂದು ತೊಟ್ಟು ನೀರೂ ಒಳಗೆ ಬಿಡಲಿಲ್ಲ ನೋಡಿ" ಎನ್ನುತ್ತಾ ಅವರು ಮುಂದಿನ ಮರದ ಕಡೆ ತಿರುಗುತ್ತಾರೆ.