ಖಾನೇಸುಮಾರಿಯ ಪುಸ್ತಕದಲ್ಲಿ ಕಲ್ಲವ್ವ

೧೯೩೧ರ ಜನವರಿಯ ಒಂದು ಮುಂಜಾನೆ ಕಲ್ಲವ್ವ ಬಾಗಿಲು ತೆಗೆದು ನೋಡಿದರೆ ಚೌಕಟ್ಟಿನ ಮೇಲೆ ಯಾರೋ ಡಾಂಬರಿನಲ್ಲಿ ಅಂಕಿ ಬರೆದು ಹೋಗಿದ್ದರು. ಅದೇನೆಂದು ಅವಳು ಯಾರನ್ನೂ ಕೇಳಲಿಲ್ಲ. ಬೂದಿ, ತೆಂಗಿನ ನಾರು ತಂದು ತಿಕ್ಕತೊಡಗಿದಳು.

ಬೈಲಹೊಂಗಲದ ಕಡೆಯಿಂದ ಪುಣೆಯ ಭವಾನಿ ಪೇಠೆಯ ಈ ವಾಡೆಗೆ ಅವಳು ಸೊಸೆಯಾಗಿ ಬಂದ ವರ್ಷ ಊರಿಗೆ ಪ್ಲೇಗು ಬಿದ್ದಿತ್ತು. ಒಂದು ದಿನ ಬಾಗಿಲ ಮೇಲೆ ಸುಣ್ಣದ ಗುರುತು ಕಂಡಿತು. ಮರುದಿನ ನಾಲ್ವರು ಬಂದು ಅತ್ತೆಯನ್ನು ಡೋಲಿಯಲ್ಲಿ ಎತ್ತಿಕೊಂಡು ಹೋದರು. ಅತ್ತೆ ತಿರುಗಿ ಬರಲಿಲ್ಲ. ಬಾಗಿಲ ಮೇಲೆ ಬರೆಯುವವರು ಒಳ್ಳೆಯದಕ್ಕೆ ಬರೆಯುವುದಿಲ್ಲ ಎಂದು ಕಲ್ಲವ್ವ ಅಂದೇ ಗಟ್ಟಿ ಮಾಡಿಕೊಂಡಿದ್ದಳು.

ಮುಂದೆ ಇನ್ಫ್ಲುಯೆಂಜಾದ ವರ್ಷ ಗಂಡನೂ ಹೋದ. ಉಳಿದವನು ಮೈದುನ ಬಾಳು. ಅಂದಿನಿಂದ ಹನ್ನೆರಡು ವರ್ಷ ಅವಳು ಮನೆಯಲ್ಲೇ ಕೂತು ಬೀಡಿ ಕಟ್ಟಿದಳು. ಎಲೆಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಬೆಳಗಾದೊಡನೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ, ಸಂಜೆಗೆ ಬುಟ್ಟಿ ಹೊತ್ತು ಕಾರಖಾನೆಯಲ್ಲಿ ಬೀಡಿ ಎಣಿಸಿ ಕೂಲಿ ಕೊಡುವ ಮುಕಾದಮನ ಮುಂದೆ ಇಡುವುದು. ಬಾಳು ಎಣ್ಣೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಗಿರಣಿ ಮುಚ್ಚಿ ಹದಿನಾಲ್ಕು ತಿಂಗಳಾಗಿತ್ತು. ಅವನು ಈಗಲೂ ಮುಂಜಾನೆ ರುಮಾಲು ಸುತ್ತಿ ಹೊರಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಅವಳೂ ಕೇಳುತ್ತಿರಲಿಲ್ಲ.

ಅಂಕಿ ಪೂರ್ತಿ ಅಳಿಯುವ ಮೊದಲೇ ಸುದ್ದಿ ಬಂತು: ಅದು ಖಾನೇಸುಮಾರಿಯ ನಂಬರು, ಸರಕಾರ ಊರ ಜನರನ್ನೆಲ್ಲ ಎಣಿಸಲಿದೆ. ತೆರಿಗೆ ಹಾಕಲಿಕ್ಕೆ ಎಂದು ಕೆಲವರು, ಚಳವಳಿಯವರನ್ನು ಹಿಡಿಯಲಿಕ್ಕೆ ಎಂದು ಕೆಲವರು. ಕಾಂಗ್ರೆಸ್ಸಿನವರು ಹೆಸರು ಕೊಡಬೇಡಿ ಎಂದು ಸಾರುತ್ತಿದ್ದರು. ಅದೇ ವಾರ ಮುಕಾದಮ ಹೆಂಗಸರನ್ನೆಲ್ಲ ಕೂಡಿಸಿ ಮರಾಠಿಯಲ್ಲಿ ತಾಕೀತು ಮಾಡಿದ: ಯಾರಾದರೂ ಕೇಳಿದರೆ ಬೀಡಿಯ ಮಾತೆತ್ತಬಾರದು, ಮನೆಗೆಲಸ ಎಂದಷ್ಟೇ ಹೇಳಬೇಕು, ಇಲ್ಲದಿದ್ದರೆ ನಿಮಗೇ ತೆರಿಗೆ ಬೀಳುತ್ತದೆ.

ದಾರಿಯಲ್ಲಿ ಕಲ್ಲವ್ವ ಪಕ್ಕದ ಖೋಲಿಯ ರಾಧಾಬಾಯಿಗೆ ಹೇಳಿದಳು: "ಒಂದು ಬೀಡಿ ಸಡಲಾದ್ರ ಬುಟ್ಟಿನ ಚೆಲ್ಲತಾನ. ಅಂಥಾವಗ ನನ್ನ ತೆರಿಗಿ ಚಿಂತಿ ಯಾಕ ಹತ್ತಿತು?"

ಎಣಿಸಲು ಬಂದವರು ಶಾಲೆಯ ದಿಗಂಬರ ಮಾಸ್ತರರು, ಧಾರವಾಡದ ಕಡೆಯವರು. ಚಪ್ಪಲಿ ಬಿಟ್ಟು ಹೊಸ್ತಿಲ ಹತ್ತಿರ ಕೂತು ಪುಸ್ತಕ ಬಿಡಿಸಿದರು. ಕಲ್ಲವ್ವ ಬೀಡಿಯ ಮೊರದ ಮೇಲೆ ಗೋಣಿಚೀಲ ಮುಚ್ಚಿ ಬಾಗಿಲ ಹಿಂದೆ ನಿಂತಳು. ಉತ್ತರ ಕೊಟ್ಟವನು ಬಾಳು.

"ಉದ್ಯೋಗ?"

"ಎಣ್ಣಿ ಗಿರಣಿ."

"ಗಿರಣಿ ಮುಚ್ಚೇದಲ್ಲ?"

"ಸದ್ಯಕ್ಕ ಮುಚ್ಚೇದ್ರಿ. ತೆಗೀತಾರ."

"ಹಂಗಾದ್ರ ಮೊದಲಿನ ಉದ್ಯೋಗನ ಬರೀಬೇಕಂತ ನಿಯಮ ಅದ," ಎಂದು ಮಾಸ್ತರರು ಬಾಳುವನ್ನು ಗಳಿಸುವವನೆಂದು ಬರೆದುಕೊಂಡರು. "ಈ ಬಾಯಿ?"

"ನಮ್ಮ ವೈನಿ, ಅಣ್ಣನ ಹೆಂಡತಿ. ಮನ್ಯಾಗ ಇರತಾಳ."

ಅಷ್ಟರಲ್ಲಿ ಮಾಸ್ತರರಿಗೆ ಸೀನು ಬಂತು. ಒಂದಲ್ಲ, ಮೂರು. ತಂಬಾಕಿನ ಘಾಟು. ಅವರು ಕಣ್ಣೊರೆಸಿಕೊಂಡು ಗೋಣಿಚೀಲದ ಕಡೆ ನೋಡಿದರು. ಕಲ್ಲವ್ವ ಅವರನ್ನು ನೋಡಿದಳು. "ದುಡಿಯದ ಅವಲಂಬಿತಳು" ಎಂದು ಬರೆದು ಮಾಸ್ತರರು ಎದ್ದು ಹೋದರು.

ಆ ಸೀನು ಕಲ್ಲವ್ವನ ತಲೆಯೊಳಗೆ ಕೂತುಬಿಟ್ಟಿತು. ಗೊತ್ತಿದ್ದೂ ಬರೆಯಲಿಲ್ಲವೆಂದರೆ ಮುಕಾದಮನೂ ಮಾಸ್ತರನೂ ಒಂದೇ ಗುಂಪಿನವರಿರಬೇಕು. ಎಂಟು ದಿನದ ಮೇಲೆ ಮುಕಾದಮ ಅವಳ ಅರ್ಧ ಬುಟ್ಟಿ ಸರಿಯಿಲ್ಲವೆಂದು ಕೂಲಿ ಕೊಡದೆ ಬೇರೆ ತೆಗೆದ. ಅವಳು ಜಗಳಕ್ಕೆ ನಿಂತಾಗ ನಗುತ್ತ ಅಂದ: ನೀನು ನಮ್ಮಲ್ಲಿ ಕೆಲಸಕ್ಕಿದ್ದೀ ಎಂದು ಎಲ್ಲಿ ಬರೆದಿದೆ? ನೀವೇ ಮನೆಗೆಲಸವೆಂದು ಬರೆಸಿದ್ದೀರಲ್ಲ.

ರಾಧಾಬಾಯಿ ಮನೆಗೆ ಬರುವಾಗ ವಿಷಯ ಬಿಡಿಸಿ ಹೇಳಿದಳು. ಕೂಲಿಕಾರರ ಸ್ಥಿತಿ ವಿಚಾರಿಸಲು ವಿಲಾಯತಿಯಿಂದ ಆಯೋಗವೊಂದು ಬಂದು ಹೋಗಿತ್ತು. ಇಷ್ಟು ಹೆಂಗಸರು ದುಡಿಯುತ್ತಾರೆಂದು ಗೊತ್ತಾದರೆ ನಾಳೆ ಕಾಯದೆ ಬಂದೀತೆಂದು ಮಾಲಕರಿಗೆ ಅಂಜಿಕೆ.

ಕಲ್ಲವ್ವ ಆ ರಾತ್ರಿ ಬಾಳುವಿಗೆ ಏನೂ ಹೇಳಲಿಲ್ಲ. ಮರುದಿನ ಶಾಲೆಗೆ ಹೊರಟಳು. ತನಗೆ ಓದಲು ಬಾರದೆಂದು, ಪೋಥಿ-ಪುರಾಣ ಓದುವ ರಾಧಾಬಾಯಿಯನ್ನೂ ಕರೆದುಕೊಂಡಳು.

ಬರೆದದ್ದನ್ನು ತಿದ್ದಬೇಕೆಂಬ ಅವಳ ಮಾತು ಕೇಳಿ ಮಾಸ್ತರರು ಮೊದಲು ಮಾಡಿದ ಕೆಲಸ, ಹೊರಗೆ ಹೋಗಿ ಅತ್ತಿತ್ತ ನೋಡಿದ್ದು.

"ಯಾರು ಕಳಿಸ್ಯಾರ ನಿಮ್ಮನ್ನ? ಪುಸ್ತಕ ಕೆಡಿಸಾಕ ದಿನಾ ಒಬ್ಬರು ಬರಾಕತ್ತಾರ."

"ನನ್ನ ಕಾಲು ಕಳಿಸ್ಯಾವ್ರಿ. ಮಾಸ್ತರ, ಅವತ್ತ ನಿಮಗ ಸೀನು ಬಂದಿತ್ತಲ್ಲ?"

"ಬಂದಿತ್ತು."

"ಮತ್ತ ಯಾಕ ಬರೀಲಿಲ್ಲ?"

ಮಾಸ್ತರರು ಒಳಗಿನಿಂದ ಪುಸ್ತಕ ತಂದರು. "ಮಂದಿ ಹೇಳಿದ್ದು ಬರೀಬೇಕವ್ವ ನಾನು. ಸೀನು ನಂಬಿ ಬರಿಯಾಕ ಬರೂದಿಲ್ಲ. ಮತ್ತ ನೀವು ಮುಚ್ಚಿ ಇಟ್ಟಿದ್ರಿ. ಹೆದರ್ಯಾರ, ಬಿಡು ಅಂದೆ."

ಕಲ್ಲವ್ವ ನಂಬಲೋ ಬೇಡವೋ ಎಂದು ಅವರ ಮುಖ ನೋಡುತ್ತ ನಿಂತಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಎಲೆ, ತಂಬಾಕು, ದಾರ ತೆಗೆದು ಪಡಸಾಲೆಯಲ್ಲಿ ಕೂತಳು. ಮಾಸ್ತರರು ಮೂಗಿಗೆ ಧೋತರದ ಚುಂಗು ಹಿಡಿದು ನೋಡುತ್ತಿದ್ದಂತೆ ನಾಲ್ಕು ಬೀಡಿ ಕಟ್ಟಿ ಮುಂದಿಟ್ಟಳು.

"ಈಗ ಹೇಳತೇನಿ, ಬರಕೋರಿ. ಗಳಿಸಾಕಿ ನಾನು."

ಮಾಸ್ತರರು ಹಳೆಯದನ್ನು ಹೊಡೆದು ಹಾಕಿ ಹೊಸದು ಬರೆದರು. ರಾಧಾಬಾಯಿ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು: ಗಳಿಸುವವಳು, ಬೀಡಿ ಕಟ್ಟುವುದು. ಕಲ್ಲವ್ವ ಇನ್ನೊಮ್ಮೆ ಓದಿಸಿದಳು.

"ಬಾಳೂಂದೂ ಖರೇ ಮಾಡ್ರಿ. ಅವಗ ಕೆಲಸ ಇಲ್ಲ."

"ಕೆಲಸ ಇಲ್ಲ ಅನ್ನಾಕ ಇದರಾಗ ಕಾಲಂ ಇಲ್ಲವ್ವ. ಇಂಗ್ಲಿಷ್ ಕಲಿತು ಖಾಲಿ ಕುಂತವರಿಗೆ ಒಂದು ಬ್ಯಾರೆ ಕಾಗದ ಅದ. ಅದನ್ನೂ ಯಾರೂ ತುಂಬಿ ಕೊಡವಲ್ಲರು. ಬಾಳು ಇಂಗ್ಲಿಷ್ ಕಲತಾನೇನು?"

"ಕನ್ನಡಾನ ಕಲತಿಲ್ಲ."

"ಹಂಗಾದ್ರ ಅಂವ ಗಿರಣಿಯವನ."

ಸಂಜೆ ಊಟಕ್ಕೆ ಕೂತಾಗ ಕಲ್ಲವ್ವ ನಡೆದದ್ದನ್ನೆಲ್ಲ ಹೇಳಿದಳು. ಬಾಳು ತಾಟು ಮುಂದಕ್ಕೆ ಸರಿಸಿದ.

"ನನ್ನ ಮಾನ ತಗದಿ, ವೈನಿ."

"ನಿನ್ನ ಮಾನ ಹಂಗ ಅದ. ಪುಸ್ತಕದಾಗ ನೀ ಇನ್ನೂ ಗಿರಣಿಗೆ ಹೋಗಾಕತ್ತಿ," ಎಂದಳು. ಆಮೇಲೆ ಮೆತ್ತಗೆ, "ಮುಂಜಾನೆದ್ದು ಎಲ್ಲಿಗೆ ಹೋಗತಿ?" ಎಂದು ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಕೇಳಿದಳು.

ಅವನು ಹೇಳಿದ: "ಸ್ಟೇಷನ್ನಿನ ಮುಂದ ಕುಂದರತೇನಿ. ಮನ್ಯಾಗ ನೀ ಕಟ್ಟೂದು ನೋಡಾಕ ಆಗೂದಿಲ್ಲ."

ಮುಂದೆ ಕೆಲವು ತಿಂಗಳು ಯಾರಾದರೂ ಬಾಗಿಲು ಬಡಿದಾಗಲೆಲ್ಲ ಕಲ್ಲವ್ವ ತೆರಿಗೆಯವರೇ ಬಂದರೆಂದು ಬೆಚ್ಚಿದಳು. ಯಾರೂ ಬರಲಿಲ್ಲ. ಕಾಯದೆಯೂ ಬರಲಿಲ್ಲ. ಮುಕಾದಮ ಮೊದಲಿನಂತೆಯೇ ಬೀಡಿ ಆರಿಸಿ ಚೆಲ್ಲುತ್ತಿದ್ದ. ಆದರೆ ಈಗ ಅವಳು ಬುಟ್ಟಿ ಇಟ್ಟು ಸರಿಯುತ್ತಿರಲಿಲ್ಲ. ಚೆಲ್ಲಿದ ಒಂದೊಂದು ಬೀಡಿಯನ್ನೂ ಎತ್ತಿ ಹಿಡಿದು, ಇದರಲ್ಲಿ ಏನು ತಪ್ಪು ಹೇಳು ಎನ್ನುತ್ತಿದ್ದಳು. ಸಾಲಿನಲ್ಲಿ ಹಿಂದೆ ನಿಂತ ಹೆಂಗಸರೂ ಹಾಗೇ ಕೇಳತೊಡಗಿದ ಮೇಲೆ ಚೆಲ್ಲುವುದು ಕಡಿಮೆಯಾಯಿತು.

ಎರಡು ವರ್ಷದ ನಂತರ ಬಾರಾಮತಿಯ ಕಡೆ ಕಬ್ಬಿನ ಕೆಲಸಕ್ಕೆ ಜನ ಬೇಕಾಗಿದೆಯೆಂದು ಬಾಳು ಹೊರಟು ನಿಂತ. ಕರೆದುಕೊಂಡು ಹೋಗಲು ಬಂದವನನ್ನು ಕಲ್ಲವ್ವ ಹೊಸ್ತಿಲ ಹೊರಗೇ ನಿಲ್ಲಿಸಿದಳು. ಊರು ಯಾವುದು, ಮಾಲಕ ಯಾರು, ಜಡ್ಡು ಬಿದ್ದರೆ ನೋಡುವವರು ಯಾರು ಎಂದು ಒಂದು ತಾಸು ಕೇಳಿದಳು. ಅವನು ಬೇಸತ್ತು ಗಾಡಿಯ ಹೊತ್ತಾಯಿತು ಎಂದಾಗ, ಬಾಳುವಿನ ಕೈಗೆ ರೊಟ್ಟಿಯ ಗಂಟು ಕೊಟ್ಟು, "ಕೆಲಸ ಇಲ್ಲದಿದ್ರ ಅಲ್ಲೆ ಕುಂದರಬ್ಯಾಡ. ಸೀದಾ ಮನಿಗೆ ಬಾ," ಎಂದಳು.